ಒಂದೇ ವರಸೆಯವರು

ಹನ್ನೊಂದು ವರ್ಷ ಅಖಾಡದಲ್ಲಿ ಕತ್ತಿ ಹಿಡಿದೆ. ಬಿಡುಗಡೆಯ ಮರದ ಕತ್ತಿ ಕೈಗೆ ಬಂದ ಮೇಲೆ ಕಾಪುವಾದಲ್ಲಿ, ವಿಬಿಯುಸನ ಗರಡಿಯಲ್ಲಿ ಉಸ್ತಾದನಾಗಿ ಹತ್ತೊಂಬತ್ತು ವರ್ಷ ಕಳೆದೆ. ನೆಪೋಸ್ ಎಂದರೆ ಇಲ್ಲಿ ಎಲ್ಲರಿಗೂ ಗೊತ್ತು. ನಾನು ಕಲಿಸುತ್ತಿದ್ದುದು ಗುರಾಣಿ ಮತ್ತು ನೇರ ಕತ್ತಿ ಹಿಡಿಯುವ ಸವಾಲುಗಾರರಿಗೆ. ಬಲೆ ಮತ್ತು ತ್ರಿಶೂಲ ಹಿಡಿಯುವ ಬಲೆಗಾರರಿಗೆ ಬೇರೆ ಉಸ್ತಾದನಿದ್ದಾನೆ, ಬಲೆಗಾರರನ್ನು ಬೆನ್ನಟ್ಟುವ ಅಟ್ಟುಗಾರರಿಗೆ ಬೇರೆಯವನು, ಡೊಂಕುಗತ್ತಿಯವರಿಗೆ ಮತ್ತೊಬ್ಬ. ಒಬ್ಬೊಬ್ಬನಿಗೂ ತನ್ನ ವರಸೆಯೇ ಹೆಚ್ಚು, ಉಳಿದದ್ದೆಲ್ಲ ಮಕ್ಕಳಾಟ. ನಾಲ್ಕು ಜನ ಉಸ್ತಾದರು ಒಂದು ಕಟ್ಟೆಯ ಮೇಲೆ ಕೂತು ಜಗಳವಿಲ್ಲದೆ ಉಂಡ ದಿನ ನನಗೆ ನೆನಪಿಲ್ಲ.

ಊರಿನವರು ತಿಳಿದುಕೊಂಡಿರುವುದು, ಬಂದವನ ಕೈಗೆ ಯಾವುದೋ ಒಂದು ಆಯುಧ ತುರುಕಿ ಅಖಾಡಕ್ಕೆ ನೂಕುತ್ತೇವೆ ಅಂತ. ಹಾಗೆ ನೂಕಿದರೆ ಅವನು ನಾಲ್ಕು ಉಸಿರು ತೆಗೆಯುವುದರೊಳಗೆ ಸಾಯುತ್ತಾನೆ, ನೋಡಲು ಬಂದವರು ನಮ್ಮ ಮೇಲೆ ಕಲ್ಲು ತೂರುತ್ತಾರೆ. ಬಂದವನ ಹಲ್ಲು ಮತ್ತು ಹಳೆಯ ಗಾಯ ನೋಡುವುದು ಯಜಮಾನನ ಕೆಲಸ. ನಾವು ಉಸ್ತಾದರು ಒಂದು ತಿಂಗಳು ಕಾಯುತ್ತೇವೆ. ಅದಕ್ಕೆ ಕಂಬದ ತಿಂಗಳು ಎನ್ನುತ್ತೇವೆ. ಅಂಗಳದಲ್ಲಿ ಆಳೆತ್ತರದ ಮರದ ಕಂಬಗಳನ್ನು ನೆಟ್ಟಿದೆ. ಹೊಸಬನ ಕೈಗೆ ನಿಜವಾದ ಕತ್ತಿಯ ಎರಡರಷ್ಟು ತೂಗುವ ಮರದ ಕತ್ತಿ ಮತ್ತು ಬೆತ್ತದ ಗುರಾಣಿ ಕೊಡುತ್ತೇವೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನು ಕಂಬಕ್ಕೆ ಹೊಡೆಯುತ್ತಿರಬೇಕು. ಅವನು ಹೊಡೆಯುತ್ತಾನೆ, ನಾವು ನೆರಳಿನಲ್ಲಿ ನಿಂತು ನೋಡುತ್ತೇವೆ. ಕತ್ತು ದಪ್ಪಗಿದ್ದು ಹೆಗಲು ಗಟ್ಟಿಯಿದ್ದರೆ ಭಾರದ ಶಿರಸ್ತ್ರಾಣ ಹೊರಬಲ್ಲ, ಅಟ್ಟುಗಾರನಾಗುತ್ತಾನೆ. ತೋಳು ಉದ್ದವಿದ್ದು ಕಾಲು ಚುರುಕಾಗಿದ್ದರೆ ಬಲೆಗಾರ. ಕುಳ್ಳಗಿದ್ದು ಕುಪ್ಪಳಿಸುವ ಬುದ್ಧಿಯಿದ್ದರೆ ಡೊಂಕುಗತ್ತಿ. ಮುಖಕ್ಕೆ ಒಂದು ಹಿಡಿ ಮರಳು ಎರಚಿಯೂ ನೋಡುತ್ತೇವೆ. ಬಲೆಗಾರನ ಮುಖಕ್ಕೆ ಮರೆಯಿಲ್ಲ, ಅವನು ರೆಪ್ಪೆ ಬಡಿಯುವ ಹಾಗಿಲ್ಲ.

ದಪ್ಪವೂ ಅಲ್ಲದ, ಸಣಕಲೂ ಅಲ್ಲದ, ಎಲ್ಲದರಲ್ಲೂ ನಡುವಿನವನು ನನ್ನ ಪಾಲಿಗೆ ಬರುತ್ತಿದ್ದ. ಬಲೆಗಾರರ ಉಸ್ತಾದ ಫಿಲೆರೋಸ್ ಇದನ್ನು ದಿನಕ್ಕೆರಡು ಸಲ ನೆನಪಿಸದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಆಟದ ದಿನವೂ ನನ್ನ ಹುಡುಗರನ್ನೇ ಮೊದಲು ಇಳಿಸುತ್ತಿದ್ದರು. ಜನ ಆಗಿನ್ನೂ ಜಾಗ ಹುಡುಕುತ್ತಾ, ಕಡಲೆ ಕೊಳ್ಳುತ್ತಾ ಇರುತ್ತಿದ್ದರು. ಬಲೆಗಾರ ಇಳಿಯುವ ಹೊತ್ತಿಗೆ ಎಲ್ಲರ ಕಣ್ಣೂ ಅಖಾಡದ ಮೇಲೆ. ಇದು ನನ್ನ ಹೊಟ್ಟೆಯಲ್ಲಿ ಹತ್ತೊಂಬತ್ತು ವರ್ಷದಿಂದ ಉರಿಯುತ್ತಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ.

ಆ ವರ್ಷ ದ್ರಾಕ್ಷಿ ಕೊಯ್ಲು ಮುಗಿದ ವಾರ ಪುತೆಯೋಲಿಯ ಬಂದರಿನಿಂದ ಬಂಡಿಯಲ್ಲಿ ಐದು ಜನ ಹೊಸಬರು ಬಂದರು. ಅವರಲ್ಲಿ ಇಬ್ಬರು ಥ್ರಾಸಿಯಾದವರು. ಒಬ್ಬ ಮುಕಾತ್ರ, ಮೂವತ್ತರ ಹತ್ತಿರ, ಹೆಗಲ ಮೇಲೆ ಕತ್ತೇ ಇಲ್ಲವೇನೋ ಎನ್ನುವಷ್ಟು ದಪ್ಪ. ಇನ್ನೊಬ್ಬ ತಾರ್ಸ, ಇಪ್ಪತ್ತೆರಡು ಇರಬಹುದು, ನೀಳ ತೋಳು, ನೋಡಿದವರು ಮತ್ತೊಮ್ಮೆ ತಿರುಗಿ ನೋಡುವಂಥ ಮುಖ. ಒಂದೇ ಹಳ್ಳಿಯವರು ಎಂದಷ್ಟೇ ಹೇಳಿಕೊಂಡರು. ಇಬ್ಬರ ಕಿವಿಯೂ ಒಂದೇ ಅಚ್ಚಿನಲ್ಲಿ ಎರೆದ ಹಾಗಿತ್ತು. ಅಣ್ಣತಮ್ಮಂದಿರು ಎಂದು ನನಗೆ ಅಲ್ಲೇ ಅನ್ನಿಸಿತು. ಯಜಮಾನ ವಿಬಿಯುಸ್ ಹಲ್ಲು ನೋಡುವವನೇ ಹೊರತು ಕಿವಿ ನೋಡುವವನಲ್ಲ.

ಫಿಲೆರೋಸ್ ಆಗಲೇ ನನ್ನ ಪಕ್ಕಕ್ಕೆ ಬಂದು ನಿಂತಿದ್ದ.

“ನೆಪೋಸಣ್ಣ, ಆ ಉದ್ದನೆಯವನನ್ನ ನೋಡ್ದೆಯಾ? ಅವನು ನನಗೆ. ಈಗ್ಲೇ ಹೇಳಿದೀನಿ, ಆಮೇಲೆ ಕ್ಯಾತೆ ತೆಗೀಬೇಡ.”

“ತಗೊಳ್ಳಪ್ಪ. ಮುಖ ನೋಡಿ ಆರಿಸೋದಾದ್ರೆ ಗರಡಿ ಯಾಕೆ, ಹೆಣ್ಣು ನೋಡೋಕೆ ಹೋಗು.”

“ನಿನಗೇನು ಕಷ್ಟ ಬಿಡು, ನಾವೆಲ್ಲ ಆರಿಸ್ಕೊಂಡು ಮಿಕ್ಕಿದ್ದು ನಿಂದೇ. ಅತ್ತಲಾಗೂ ಸಲ್ಲ, ಇತ್ತಲಾಗೂ ಸಲ್ಲ, ಅಂಥವೇ ಅಲ್ವಾ ನಿನ್ನ ಮಂದೆ.”

ಕಂಬದ ತಿಂಗಳು ಶುರುವಾಯಿತು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಅಡುಗೆಯ ದೋರಿಸಜ್ಜಿ ಸೌಟು ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

“ಉಸ್ತಾದ್ರೇ, ಆ ದಪ್ಪನೆಯವನು ತಟ್ಟೆ ಮುಟ್ತಾ ಇಲ್ಲ. ನನ್ನ ಅಡುಗೆಗೆ ಏನು ಬಂದಿದೆ ರೋಗ?”

“ನಿನ್ನ ಅಡುಗೆಗೆ ಏನೂ ಬಂದಿಲ್ಲಜ್ಜಿ. ನಾನು ಬಂದಾಗಿಂದ ಹಿಂಗೇ ಇದೆ.”

ಅವಳು ಬೈದುಕೊಂಡು ಹೋದಳು. ಅಂದು ಮಧ್ಯಾಹ್ನ ನಾನು ಊಟದ ಸಾಲಿನ ಕೊನೆಯಲ್ಲಿ ನಿಂತು ನೋಡಿದೆ. ನಮ್ಮಲ್ಲಿ ಊಟವೆಂದರೆ ಜವೆಗೋಧಿಯ ಗಂಜಿ, ಬೇಯಿಸಿದ ಅವರೆ. ಮೈಮೇಲೆ ಒಂದು ಬೆರಳು ಕೊಬ್ಬಿದ್ದರೆ ಕತ್ತಿಯ ಗೀರು ಒಳಗಿನ ನರದವರೆಗೆ ಇಳಿಯುವುದಿಲ್ಲ ಎಂದು ಮೂರು ಹೊತ್ತೂ ಅದನ್ನೇ ತುಂಬುತ್ತೇವೆ. ಮುಕಾತ್ರ ತನ್ನ ತಟ್ಟೆಯಿಂದ ಎರಡು ತುತ್ತು ತಿಂದು ಉಳಿದದ್ದನ್ನು ತಾರ್ಸನ ತಟ್ಟೆಗೆ ಸುರಿದ. ತಾರ್ಸನ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ತುರುಕಿಕೊಳ್ಳುತ್ತಿದ್ದ. ಹಸಿದವನು ತಿನ್ನುವ ರೀತಿ ಬೇರೆ, ಅಪ್ಪಣೆಯ ಮೇಲೆ ತಿನ್ನುವ ರೀತಿ ಬೇರೆ. ಅಣ್ಣ ಇಳಿಯುತ್ತಿದ್ದ, ತಮ್ಮ ಏರುತ್ತಿದ್ದ. ಇಬ್ಬರೂ ನಡುವಿನ ಅಳತೆಗೆ ಬರಲು ಹೊರಟಿದ್ದಾರೆ ಎಂದು ನನಗೆ ಅರ್ಥವಾಯಿತು. ಯಾಕೆ ಎಂದು ಮಾತ್ರ ಹೊಳೆಯಲಿಲ್ಲ. ಯಾರಿಗೂ ಹೇಳಲಿಲ್ಲ.

ತಿಂಗಳ ಕೊನೆಗೆ ವಿಬಿಯುಸ್ ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂತ. ಫಿಲೆರೋಸ್ ತಾರ್ಸನ ಕೈಗೆ ಬಲೆ ಕೊಟ್ಟು, ಹತ್ತು ಹೆಜ್ಜೆ ಆಚೆ ನಿಲ್ಲಿಸಿದ್ದ ಗೊಂಬೆಯ ಮೇಲೆ ಬೀಸಲು ಹೇಳಿದ. ತಾರ್ಸ ಬೀಸಿದ, ಬಲೆ ಅವನ ಕಾಲಿಗೇ ಸುತ್ತಿಕೊಂಡಿತು, ಮುಗ್ಗರಿಸಿ ಬಿದ್ದ. ಎಲ್ಲರೂ ನಕ್ಕರು. ಎರಡನೆಯ ಸಲವೂ ಹಾಗೇ ಆಯಿತು. ಬೀಸುವ ಮುಂಚೆ ಅವನು ಗೊಂಬೆಯ ದೂರವನ್ನು ಕಣ್ಣಲ್ಲಿ ಸರಿಯಾಗಿ ಅಳೆದಿದ್ದ. ಅಳೆದ ಮೇಲೆ ಎಡಗಾಲನ್ನು ತಾನಾಗಿ ಬಲೆಯ ದಾರಿಗೆ ಇಟ್ಟಿದ್ದ. ಅದನ್ನು ನೋಡಿದವನು ನಾನೊಬ್ಬನೇ.

“ಬೇಡ ಸ್ವಾಮಿ, ಈ ಕತ್ತೆ ಬೇಡ ನನಗೆ,” ಎಂದ ಫಿಲೆರೋಸ್. “ಮುಖ ಚೆನ್ನಾಗಿದೆ, ಅದನ್ನ ಇಟ್ಕೊಂಡು ಪೂಜೆ ಮಾಡ್ಲಾ?”

ಮುಕಾತ್ರ ಅಟ್ಟುಗಾರರ ಶಿರಸ್ತ್ರಾಣ ಹಾಕಿಕೊಂಡು ದೊಡ್ಡ ಗುರಾಣಿ ಹೊತ್ತು ಅಂಗಳ ಸುತ್ತಬೇಕಿತ್ತು. ಒಂದು ತಿಂಗಳ ಹಿಂದೆ ಹತ್ತು ಸುತ್ತು ಓಡುವ ಮೈ. ಈಗ ನಾಲ್ಕನೆಯ ಸುತ್ತಿಗೆ ಮಂಡಿಯೂರಿದ. ಅದು ನಟನೆಯಲ್ಲ, ಹೊಟ್ಟೆ ಖಾಲಿಯಿತ್ತು. ಅಟ್ಟುಗಾರರ ಉಸ್ತಾದನೂ ತಲೆಯಾಡಿಸಿದ.

ವಿಬಿಯುಸನಿಗೆ ಸಿಟ್ಟು ಬಂತು. “ಇಬ್ಬರೂ ಯಾರಿಗೂ ಬೇಡ್ವಾ? ಹಾಗಾದ್ರೆ ಕಲ್ಲುಗಣಿಗೆ ಕಳಿಸ್ತೀನಿ, ನಿಮಗೂ ನೆಮ್ಮದಿ, ನನಗೂ ನೆಮ್ಮದಿ.”

“ನನಗಿರ್ಲಿ ಇಬ್ಬರೂ,” ಎಂದೆ.

ಕರುಣೆಯಿಂದ ಹೇಳಿದೆನೆಂದು ಯಾರೂ ತಿಳಿಯಬಾರದು. ಇಷ್ಟು ವರ್ಷದಲ್ಲಿ ಮೊದಲ ಸಲ, ಬೇರೆಯವರು ಕೈಬಿಟ್ಟ ಕಸವಲ್ಲ, ಬೇರೆಯವರ ಕಣ್ಣು ತಪ್ಪಿಸಿದ ಒಳ್ಳೆಯ ಮಾಲು ನನಗೆ ಸಿಕ್ಕಿತ್ತು. ಅಂಥ ತೋಳು, ಅಂಥ ಹೆಗಲು, ಅದರ ಮೇಲೆ ತಿಂಗಳಿಡೀ ಹಸಿದಿರುವ, ಹೊಟ್ಟೆ ಬಿರಿಯ ತಿನ್ನುವ ಹಟ. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು.

ಅವತ್ತು ಸಂಜೆ ಮುಕಾತ್ರ ನನ್ನ ಕೋಣೆಯ ಬಾಗಿಲಿಗೆ ಬಂದ. ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡ.

“ಉಸ್ತಾದ್ರೇ, ತಾರ್ಸ ನನ್ನ ತಮ್ಮ. ಒಡಹುಟ್ಟಿದವನು. ಯಾರಿಗೂ ಹೇಳಿಲ್ಲ, ನಿಮಗೆ ಹೇಳ್ತಿದೀನಿ. ದಾರೀಲಿ ಬಂಡಿಯವನು ಹೇಳಿದ್ದ, ಒಂದೇ ವರಸೆಯವರು ಅಖಾಡದಲ್ಲಿ ಒಬ್ಬರ ಮೇಲೊಬ್ಬರು ಬೀಳಲ್ಲ ಅಂತ. ಬಲೆಗಾರನಿಗೆ ಅಟ್ಟುಗಾರ, ಡೊಂಕುಗತ್ತಿಗೆ ಬೇರೆ ಗರಡಿಯ ಮೀನುತಲೆ ಶಿರಸ್ತ್ರಾಣದವನು. ನನ್ನನ್ನ ಅಟ್ಟುಗಾರ, ಅವನನ್ನ ಬಲೆಗಾರ ಮಾಡಿದ್ರೆ ಒಂದಿನ ಎದುರುಬದುರು ಆಗ್ತಿದ್ವಿ. ಅದಕ್ಕೇ ಹಿಂಗೆಲ್ಲ ಮಾಡಿದ್ವಿ. ನೀವು ಇಬ್ಬರನ್ನೂ ತಗೊಂಡ್ರಿ. ಇನ್ನು ಆ ಭಯ ಇಲ್ಲ.”

ಬಂಡಿಯವನು ಹೇಳಿದ್ದು ಸುಳ್ಳಲ್ಲ. ಕಾಪುವಾದಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಾರೆ. ಎಲ್ಲ ವರಸೆಗೂ ಅದು ನಿಜ, ಒಂದನ್ನು ಬಿಟ್ಟು. ಸವಾಲುಗಾರನಿಗೆ ಎದುರಾಳಿ ಸವಾಲುಗಾರನೇ. ಅದೇ ಗುರಾಣಿ, ಅದೇ ನೇರ ಕತ್ತಿ, ಎದೆಯ ಮೇಲೆ ಅದೇ ಅರ್ಧ ಕವಚ. ಎದುರುಬದುರಾಗುವುದನ್ನು ತಪ್ಪಿಸಿಕೊಳ್ಳಲು ಅವರು ಹಸಿದು, ಉಂಡು, ಬಿದ್ದು, ಗರಡಿಯಲ್ಲಿ ಎದುರುಬದುರಾಗಲೇಬೇಕಾದ ಒಂದೇ ಒಂದು ಮೂಲೆಗೆ ಬಂದು ಸೇರಿದ್ದರು.

ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಮರುದಿನವೇ ತಾರ್ಸ ಬಲೆಯನ್ನು ಸರಿಯಾಗಿ ಬೀಸುತ್ತಿದ್ದ, ಫಿಲೆರೋಸನ ಪಾಲಾಗುತ್ತಿದ್ದ. ಬಲೆಗಾರ ಸವಾಲುಗಾರನ ಎದುರಿಗೆ ಯಾವತ್ತೂ ಬರುವುದಿಲ್ಲ. ಒಂದೇ ಮಾತಿನಲ್ಲಿ ಇಬ್ಬರೂ ಬದುಕಿಕೊಳ್ಳುತ್ತಿದ್ದರು.

“ಹೋಗು, ಇವತ್ತಾದ್ರೂ ಹೊಟ್ಟೆ ತುಂಬ ಉಣ್ಣು,” ಎಂದೆ.

ಚಳಿಗಾಲದಲ್ಲಿ ಆಟವಿರುವುದಿಲ್ಲ, ನಾಲ್ಕು ತಿಂಗಳು ಕಲಿಸುವುದೇ ಕೆಲಸ. ಇಬ್ಬರ ಕೈಯಲ್ಲೂ ಒಂದೇ ಆಯುಧವಿರುವಾಗ ನೆಪ ಹೇಳಲು ಜಾಗವಿಲ್ಲ. ಬಲೆಗಾರ ಸೋತರೆ ಬಲೆ ಹರಿಯಿತು ಎನ್ನಬಹುದು. ಸವಾಲುಗಾರ ಸೋತರೆ ಅವನು ಸೋತ, ಅಷ್ಟೇ. ಗುರಾಣಿಯ ಅಂಚಿನಿಂದ ಎದುರಾಳಿಯ ಗುರಾಣಿಯನ್ನು ಅರ್ಧ ಗೇಣು ಪಕ್ಕಕ್ಕೆ ಸರಿಸುವುದು, ಆ ಅರ್ಧ ಗೇಣಿನಲ್ಲಿ ಕತ್ತಿ ತೂರಿಸುವುದು, ತೂರಿಸಿದ ಕೈಯನ್ನು ಹೋದಷ್ಟೇ ಬೇಗ ವಾಪಸ್ ಎಳೆದುಕೊಳ್ಳುವುದು. ಹೇಳಲು ಇಷ್ಟೇ, ಕಲಿಯಲು ಜನ್ಮ ಸಾಲದು. ಈ ಇಬ್ಬರು ಅದನ್ನು ಚಳಿಗಾಲ ಕಳೆಯುವುದರೊಳಗೆ ಕಲಿತರು. ಒಬ್ಬ ಉಸಿರೆಳೆದರೆ ಇನ್ನೊಬ್ಬನಿಗೆ ಗೊತ್ತಾಗುತ್ತಿತ್ತು. ಅವರನ್ನು ಜೋಡಿ ಮಾಡಿ ಸಾಮು ಮಾಡಿಸಿದಾಗ ಕತ್ತಿಯ ಸದ್ದು ನಿಲ್ಲದೆ ಒಂದೇ ಲಯದಲ್ಲಿ ಕೇಳುತ್ತಿತ್ತು. ಬೇರೆ ವರಸೆಯವರು ತಮ್ಮ ಕಂಬ ಬಿಟ್ಟು ಬಂದು ನೋಡುತ್ತಿದ್ದರು. ಸಾಮು ಮುಗಿದ ಮೇಲೆ ಇಬ್ಬರೂ ಎಲುಬು ಗಟ್ಟಿಯಾಗಲೆಂದು ಕೊಡುವ ಬೂದಿ ನೀರು ಕುಡಿಯುತ್ತಾ, ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಅದನ್ನು ನೋಡದ ಹಾಗಿರುತ್ತಿದ್ದೆ. ಆಟಕ್ಕೆ ಜೋಡಿ ಹಾಕುವುದು ಯಜಮಾನ, ನನ್ನ ಹತ್ತಿರ ಎಂಟು ಜನರಿದ್ದಾರೆ, ಇವರಿಬ್ಬರೇ ಜೋಡಿಯಾಗಬೇಕೆಂದು ಎಲ್ಲಿ ಬರೆದಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಚಳಿ ಇಳಿದ ಮೇಲೆ, ವಸಂತದ ಆಟ ಹಾಕಿಸಲು ಒಪ್ಪಿಕೊಂಡಿದ್ದ ಸಾಹುಕಾರನೊಬ್ಬ ಗರಡಿಗೆ ಬಂದ. ಪ್ರತಿ ವರಸೆಯವನನ್ನೂ ಅವನ ಎದುರಾಳಿಯ ಜೊತೆ ಆಡಿಸಿ ತೋರಿಸಿ ಎಂದ. ಫಿಲೆರೋಸನ ಬಲೆಗಾರ ಬಲೆಯನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿ ಬೀಸಿದ, ಸಾಹುಕಾರ ಆಕಳಿಸಿದ. ನನ್ನ ಸರದಿ ಬಂತು. ಯಾವ ಇಬ್ಬರನ್ನು ಬೇಕಾದರೂ ಕರೆಯಬಹುದಿತ್ತು. ಇವರನ್ನು ತೋರಿಸಿದರೆ ಏನಾಗುತ್ತದೆ ಎಂದು ಹೊಳೆಯಲಿಲ್ಲ ಎಂದರೆ ಸುಳ್ಳು ಹೇಳಿದ ಹಾಗೆ. ಹೊಳೆದಿತ್ತು. ಆದರೆ ಫಿಲೆರೋಸ್ ಗೋಡೆಗೆ ಒರಗಿ, “ತೋರ್ಸಪ್ಪ ನಿನ್ನ ಮಂದೇನ,” ಎಂದ. ಅವನ ಬಾಯಿ ಮುಚ್ಚಿಸುವ ಆಸೆ ಮಿಕ್ಕೆಲ್ಲಕ್ಕಿಂತ ದೊಡ್ಡದಾಯಿತು.

“ಮುಕಾತ್ರ, ತಾರ್ಸ. ಬನ್ನಿ,” ಎಂದೆ.

ಸಾಹುಕಾರ ಕುರ್ಚಿಯ ತುದಿಗೆ ಬಂದು ಕೂತ. ಮುಗಿದ ಮೇಲೆ ಎದ್ದು ನಿಂತು, “ಇವರೇ. ಬೆಳಿಗ್ಗೆ ಬೇಡ, ಕೊನೇಲಿ ಬಿಡಿ,” ಎಂದ. ಸವಾಲುಗಾರರನ್ನು ಕೊನೆಯಲ್ಲಿ ಬಿಡುವುದು ನನ್ನ ಕಾಲದಲ್ಲಿ ಅದೇ ಮೊದಲು. ಫಿಲೆರೋಸ್ ಮಾತಿಲ್ಲದೆ ಹೊರಟುಹೋದ. ಆ ಒಂದು ಗಳಿಗೆ ನನಗೆ ಸ್ವರ್ಗ ಸಿಕ್ಕಿತ್ತು.

ಎರಡು ದಿನದಲ್ಲಿ ಊರ ಬಾಗಿಲ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಜೋಡಿಗಳ ಹೆಸರು ಬರೆಸಿದರು. ನಾನು ವಿಬಿಯುಸನ ಹತ್ತಿರ ಹೋದೆ.

“ಆ ಜೋಡಿ ಬದಲಾಯಿಸಿ.”

“ಯಾಕಪ್ಪಾ? ನೀನೇ ತೋರಿಸ್ದೆ, ಅವರು ಮೆಚ್ಚಿದ್ರು. ಬರೆಸಿಯೂ ಆಯ್ತು.”

ಬೇರೆ ದಾರಿ ಕಾಣದೆ ನಿಜ ಹೇಳಿದೆ. “ಅವರು ಅಣ್ಣತಮ್ಮಂದಿರು.”

ವಿಬಿಯುಸ್ ಪಟ್ಟನೆ ನನ್ನ ಕಡೆ ತಿರುಗಿದ. ಅವನ ಕಣ್ಣು ಅರಳಿತು. “ಅಲ್ಲಯ್ಯಾ, ಇದನ್ನ ಮೊದಲೇ ಹೇಳೋದಲ್ವಾ? ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಸ್ತಿದ್ದೆ.” ಅಲ್ಲಿಂದಲೇ ಬಣ್ಣದವನನ್ನು ಕೂಗಿ ಕರೆದ. ಸಂಜೆಯೊಳಗೆ ಅವರ ಹೆಸರಿನ ಕೆಳಗೆ ‘ಒಡಹುಟ್ಟಿದವರು’ ಎಂದು ಸೇರಿತು. ಆಟದ ದಿನ ಕಲ್ಲಿನ ಮೆಟ್ಟಿಲಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂದು ಊರೆಲ್ಲ ಮಾತಾಡಿತು.

ಮರುದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಮುಕಾತ್ರ ನನ್ನ ಹತ್ತಿರ ಬಂದ. ನಾನು ಬೈಗುಳಕ್ಕೆ, ಹೊಡೆತಕ್ಕೆ ಸಿದ್ಧನಾಗಿದ್ದೆ. ಯಾಕೆ ಹೇಳಲಿಲ್ಲ ಎಂದು ಅವನು ಕೇಳಲೇ ಇಲ್ಲ.

“ಇದರಲ್ಲಿ ಇಬ್ಬರೂ ಉಳಿಯೋ ದಾರಿ ಇದೆಯಾ ಉಸ್ತಾದ್ರೇ?”

“ಒಂದಿದೆ. ಸೋಲುಗೆಲುವು ಇಲ್ಲದೆ ಇಬ್ಬರೂ ಬೀಳೋವರೆಗೂ ಹೊಡೆದಾಡಬೇಕು. ಜನ ಮೆಚ್ಚಿದ್ರೆ ಇಬ್ಬರನ್ನೂ ಬಿಡಿ ಅಂತ ಕೂಗ್ತಾರೆ. ಈ ಮೂವತ್ತು ವರ್ಷದಲ್ಲಿ ನಾನು ನೋಡಿದ್ದು ಎರಡೇ ಸಲ. ಮನಸ್ಸಿಟ್ಟು ಹೊಡೀದೆ ಇದ್ರೆ ಜನಕ್ಕೆ ಗೊತ್ತಾಗತ್ತೆ, ಆಗ ಇಬ್ಬರೂ ಹೋಗ್ತೀರಿ.”

“ತಾರ್ಸ ನನ್ನ ಮೇಲೆ ಮನಸ್ಸಿಟ್ಟು ಹೊಡಿಯಲ್ಲ.” ಅವನು ಬಲಗೈ ಮುಂದೆ ಚಾಚಿದ. “ಇದನ್ನ ಮುರಿದುಬಿಡಿ.”

ಯಾರಾದರೂ ಇದ್ದಾರೆಯೇ ಎಂದು ನಾನು ಅಂಗಳದ ಸುತ್ತ ನೋಡಿದೆ.

“ನಾನೇ ಮುರ್ಕೊಂಡ್ರೆ ಬೇಕಂತ ಮಾಡ್ಕೊಂಡ ಅಂತಾರೆ, ಸುಟ್ಟು ಸಾಯಿಸ್ತಾರೆ. ಸಾಮು ಮಾಡುವಾಗ ಉಸ್ತಾದನ ಪೆಟ್ಟು ಬಿದ್ದು ಮುರೀತು ಅಂದ್ರೆ ಯಾರ ತಪ್ಪೂ ಅಲ್ಲ.”

“ಬೆರಳು ಮುರಿದ್ರೆ ಕಟ್ಟು ಕಟ್ಟಿ ಇಳಿಸ್ತಾರೆ,” ಎಂದೆ. ನನ್ನ ಬಾಯಿಂದ ಬಂದದ್ದು ಉಸ್ತಾದನ ಮಾತೇ. “ಮಣಿಕಟ್ಟೇ ಆಗಬೇಕು. ಆಮೇಲೆ ನಿನ್ನನ್ನ ಇಲ್ಲಿ ಇಟ್ಕೊಳಲ್ಲ. ಗಿರಣಿಗೆ ಮಾರ್ತಾರೆ, ಬೀಸೋ ಕಲ್ಲಿಗೆ ಕಟ್ತಾರೆ.”

“ಅದು ಗೊತ್ತು. ಒಂದು ಮಾತು. ನಾನು ಕೇಳಿದೆ ಅಂತ ತಾರ್ಸನಿಗೆ ಯಾವತ್ತೂ ತಿಳೀಬಾರದು. ತಿಳಿದ್ರೆ ಅವನೂ ತನ್ನ ಕೈ ಕಲ್ಲಿಗೆ ಕೊಡ್ತಾನೆ, ನನ್ನ ಹಿಂದೇನೇ ಬರ್ತಾನೆ. ನಿಮ್ಮ ಮೇಲೆ ಸಿಟ್ಟು ಇಟ್ಕೊಂಡಾದ್ರೂ ಬದುಕಿರ್ಲಿ.”

ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ಮುಕಾತ್ರನನ್ನು ಕರೆದು, ಹೊಸ ಪಟ್ಟು ತೋರಿಸುತ್ತೇನೆ ಎಂದು ಎದುರಿಗೆ ನಿಂತೆ. ಭಾರದ ಮರದ ಕತ್ತಿಯನ್ನೇ ತೆಗೆದುಕೊಂಡೆ. ಅವನು ತೂರಿದ, ನಾನು ಪಕ್ಕಕ್ಕೆ ಸರಿದೆ. ಅವನು ಕೈಯನ್ನು ವಾಪಸ್ ಎಳೆದುಕೊಳ್ಳದೆ ಚಾಚಿಯೇ ಇಟ್ಟ. ನಾನು ಕಲಿಸಿದ ಮೊದಲ ಪಾಠವೇ ಅದು, ಕೈ ಎಳೆದುಕೋ ಎನ್ನುವುದು. ಕತ್ತಿಯನ್ನು ಅವನ ಮಣಿಕಟ್ಟಿನ ಮೇಲೆ ಇಳಿಸಿದೆ. ಎಲುಬಿನ ಸದ್ದು ಅಂಗಳದ ಆ ತುದಿಯವರೆಗೂ ಕೇಳಿಸಿತು. ಮುಕಾತ್ರ ಕೂಗಲಿಲ್ಲ, ಮಂಡಿಯೂರಿ ಕೂತ. ತಾರ್ಸ ಓಡಿಬಂದು ಅವನನ್ನು ತಬ್ಬಿಕೊಂಡ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ.

ವಿಬಿಯುಸ್ ಗಂಟಲು ಹರಿಯುವ ಹಾಗೆ ಕೂಗಾಡಿದ. ವಯಸ್ಸಾಯಿತು, ಕೈ ತಪ್ಪಿತು ಎಂದೆ. ಕಣ್ಣು ಕಾಣದ ಮುದುಕ ಎಂದು ನನ್ನನ್ನು ಸವಾಲುಗಾರರಿಂದ ತೆಗೆದು ಕಂಬದ ತಿಂಗಳಿನವರ ಮೇಲ್ವಿಚಾರಣೆಗೆ ಹಾಕಿದ. ಫಿಲೆರೋಸ್ ಬಂದು, “ಬೇಜಾರು ಮಾಡ್ಕೋಬೇಡ ಅಣ್ಣ, ಎಲ್ಲರಿಗೂ ಕೈ ನಡುಗೋ ಕಾಲ ಬರತ್ತೆ,” ಎಂದ. ಅವನ ಸಮಾಧಾನದ ಮಾತು ಅವನ ಕುಹಕಕ್ಕಿಂತ ಕೆಟ್ಟದಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈ ಅಷ್ಟು ಗುರಿಗೆ ಸರಿಯಾಗಿ ಯಾವತ್ತೂ ಬಿದ್ದಿರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಆರನೆಯ ದಿನ ಪುತೆಯೋಲಿಯ ಗಿರಣಿಯವನೊಬ್ಬ ಬಂದು ಮುಕಾತ್ರನನ್ನು ಬಂಡಿಗೆ ಹತ್ತಿಸಿಕೊಂಡು ಹೋದ. ತಾರ್ಸನನ್ನು ಆ ಹೊತ್ತಿಗೆ ಕೋಣೆಯಲ್ಲಿ ಕೂಡಿಹಾಕಿದ್ದರು. ಅವನು ಬಾಗಿಲಿಗೆ ಹೆಗಲು ಕೊಟ್ಟು ಗುದ್ದುವ ಸದ್ದು ಬಂಡಿ ಕಣ್ಮರೆಯಾಗುವವರೆಗೂ ಕೇಳುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ವಸಂತದ ಆಟ ನಡೆಯಿತು. ಅಣ್ಣನ ಬದಲು ನೋಲಾದ ಗರಡಿಯಿಂದ ಬಂದ ಒಬ್ಬ ಸವಾಲುಗಾರನನ್ನು ತಾರ್ಸನ ಎದುರಿಗೆ ನಿಲ್ಲಿಸಿದರು. ಒಡಹುಟ್ಟಿದವರ ಹೊಡೆದಾಟ ತಪ್ಪಿತೆಂದು ಜನ ಮೊದಲು ಗೊಣಗಿದರು. ತಾರ್ಸ ಅವರ ಗೊಣಗಾಟ ನಿಲ್ಲಿಸಿದ. ನಾನು ಕಲಿಸಿದ ಒಂದೊಂದೂ ಅಲ್ಲಿ ಕಂಡಿತು. ಎದುರಾಳಿ ಬೆರಳೆತ್ತಿ ಸೋಲೊಪ್ಪಿದ, ಜನ ಅವನನ್ನೂ ಉಳಿಸಿದರು. ಕೈಯಲ್ಲಿ ಗೆಲುವಿನ ತಾಳೆಗರಿ ಹಿಡಿದು ತಾರ್ಸ ಅಖಾಡ ಸುತ್ತುವಾಗ ನನಗೆ ಹೆಮ್ಮೆಯಾಯಿತು. ಹೆಮ್ಮೆಪಟ್ಟಿದ್ದಕ್ಕೆ ನಾಚಿಕೆಯೂ ಆಯಿತು.

ಮರುದಿನ ಅವನು ಅಂಗಳದಲ್ಲಿ ಒಬ್ಬನೇ ಕೂತು ತೋಳಿನ ಗಾಯಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಕೈ ಮುರಿದ ದಿನದಿಂದ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ನಾನು ಹೋಗಿ ಎದುರಿಗೆ ಕೂತೆ.

“ಕೈ ಮುರಿದಿದ್ದರ ವಿಷಯ ನಾನೇನೂ ಹೇಳಲ್ಲ. ಇನ್ನೊಂದು ಹೇಳ್ಬೇಕು.”

“ನಿಮ್ಮ ಕೈ ತಪ್ಪಲ್ಲ. ಅಷ್ಟು ನನಗೆ ಗೊತ್ತು,” ಎಂದ ತಾರ್ಸ. ನನ್ನ ಮುಖ ನೋಡಲಿಲ್ಲ.

ನಾನು ಆ ಮಾತು ಅಲ್ಲಿಗೇ ಬಿಟ್ಟು, ಹೇಳಲು ಬಂದದ್ದನ್ನು ಹೇಳಿದೆ. “ನಿಮ್ಮಿಬ್ಬರನ್ನೂ ತಗೊಂಡ ದಿನ ನಿಮ್ಮಣ್ಣ ಬಂದು ಸಂತೋಷಪಟ್ಟ. ಸವಾಲುಗಾರರು ತಮ್ಮತಮ್ಮಲ್ಲೇ ಹೊಡೆದಾಡ್ತಾರೆ ಅಂತ ನಾನು ಅವತ್ತೇ ಹೇಳಬಹುದಿತ್ತು. ನೀನು ಬಲೆಗಾರ ಆಗ್ತಿದ್ದೆ, ಅವನು ಇವತ್ತು ಇಲ್ಲಿರ್ತಿದ್ದ. ನನಗೆ ನೀವಿಬ್ಬರೂ ಬೇಕಾಗಿತ್ತು, ಅದಕ್ಕೇ ಬಾಯಿ ಮುಚ್ಕೊಂಡೆ.”

ತಾರ್ಸ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟ.

“ನಮಗೆ ಅದು ಎರಡನೇ ತಿಂಗಳಲ್ಲೇ ಗೊತ್ತಾಯ್ತು. ದೋರಿಸಜ್ಜಿ ಹೇಳಿದ್ಲು.”

ಗರಡಿಯಲ್ಲಿ ಮೂವತ್ತು ಬಾಯಿಗಳಿವೆ, ಯಾರಾದರೂ ಹೇಳಿಯೇ ಹೇಳುತ್ತಾರೆಂದು ನಾನು ಯೋಚಿಸಬೇಕಿತ್ತು. ಯೋಚಿಸಿರಲಿಲ್ಲ.

“ಮತ್ತೆ ಯಾಕೆ ಸುಮ್ಮನಿದ್ರಿ? ಆಗ್ಲೂ ಫಿಲೆರೋಸ್ ನಿನ್ನನ್ನ ತಗೊಳ್ತಿದ್ದ.”

“ನಾನೂ ಅದನ್ನೇ ಅಂದೆ. ಅಣ್ಣ ಬೇಡ ಅಂದ. ‘ಉಸ್ತಾದರಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ನಮ್ಮಿಬ್ಬರನ್ನೂ ಒಟ್ಟಿಗೆ ಇಟ್ಕೊಂಡಿದಾರೆ. ದಿನಾ ಜೊತೇಲಿರ್ಲಿ ಅಂತ. ಅವರು ನಮ್ಮನ್ನ ಯಾವತ್ತೂ ಜೋಡಿ ಮಾಡಿ ತೋರಿಸಲ್ಲ, ನೋಡ್ತಿರು’ ಅಂದ.”

ಸಾಹುಕಾರನ ಮುಂದೆ ಇಬ್ಬರ ಹೆಸರನ್ನೂ ನಾನೇ ಕೂಗಿ ಕರೆದಿದ್ದೆ. ಕರೆದ ತಕ್ಷಣ ಮುಕಾತ್ರ ಒಮ್ಮೆ ನನ್ನ ಕಡೆ ನೋಡಿ, ಆಮೇಲೆ ಗುರಾಣಿ ಎತ್ತಿಕೊಂಡು ಬಂದಿದ್ದ.